ಹೆಪ್ಪು ಒಂದೇ, ಉತ್ತರ ನಾಲ್ಕು!

ಅಜ್ಜಾವರ: ಡಿಸೆಂಬರ್ ಚಳಿಯ ಬೆಳಿಗ್ಗೆ ಇಲ್ಲಿ ತೆಂಗಿನೆಣ್ಣೆ ಬಾಟ್ಲಿಯನ್ನು ಕವುಚಿ ಹಿಡಿದರೂ ತೊಟ್ಟು ಬೀಳುವುದಿಲ್ಲ. ಎಣ್ಣೆ ಹೆಪ್ಪುಗಟ್ಟಿದೆ. ರಾತ್ರಿ ಮಜ್ಜಿಗೆ ಬಿಟ್ಟಿಟ್ಟ ಹಾಲೂ ಹೆಪ್ಪುಗಟ್ಟಿದೆ. ತೋಟದಿಂದ ತಂದು ಡಿಶ್ಶಿಗೆ ಹೊಯ್ದ ರಬ್ಬರ್ ಹಾಲೂ ಹೆಪ್ಪುಗಟ್ಟುತ್ತದೆ. ಟ್ಯಾಪಿಂಗ್ ಕತ್ತಿ ತಾಗಿದ ಬೆರಳಿನ ರಕ್ತವೂ ಅಷ್ಟೇ, ಸ್ವಲ್ಪ ಹೊತ್ತಿನಲ್ಲಿ ಹೆಪ್ಪು. ಮನೆಯಲ್ಲಿ ನಾಲ್ಕಕ್ಕೂ ಒಂದೇ ಮಾತು. ವಿಜ್ಞಾನ ಪರೀಕ್ಷೆಯಲ್ಲಿ ಮಾತ್ರ ಈ ನಾಲ್ಕೂ ಒಂದೇ ಅಂತ ಬರೆದರೆ ಅಂಕ ಸೊನ್ನೆ.

ಹೈಸ್ಕೂಲು ಮಕ್ಕಳು ಜಾರಿ ಬೀಳುವ ಜಾಗ ಇದೇ. ಸುಳ್ಯ ಸೀಮೆಯ ಮಕ್ಕಳಿಗೆ ಮನೆಯಲ್ಲಿ ಅರೆಭಾಷೆ, ಇಲ್ಲವೇ ತುಳು, ಮಲಯಾಳ. ಶ್ರೀಲಂಕಾದಿಂದ 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಬಂದು ರಬ್ಬರ್ ತೋಟಗಳಲ್ಲಿ ನೆಲೆಯಾದವರ ಮನೆಯಲ್ಲಿ ತಮಿಳು. ಪುಸ್ತಕದ ಕನ್ನಡ ಇವರಿಗೆಲ್ಲ ಶಾಲೆಯಲ್ಲಿ ಕಲಿತದ್ದು. 'ಘನೀಕರಣ', 'ಕಿಣ್ವ' ಎಂಬ ಶಬ್ದಗಳನ್ನು ಉರು ಹೊಡೆಯುತ್ತಾರೆ. ವ್ಯಾಖ್ಯೆ ಕೇಳಿದರೆ ಗಿಳಿಪಾಠ ಸಿದ್ಧ. ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೊಟ್ಟರೆ ಪೆನ್ನು ನಿಂತಿತು! 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು ಬಂದದ್ದು ಹೆಮ್ಮೆಯೇ ಸರಿ. ಆದರೆ ಪಾಸಾಗುವುದು ಬೇರೆ, ತಿಳಿಯುವುದು ಬೇರೆ ಮಾರಾಯ್ರೆ. ಪಿಯುಸಿಗೆ ಹೋಗಿ ಸಾಯನ್ಸ್ ತೆಗೆದುಕೊಂಡಾಗ ಇದರ ಬಿಸಿ ತಾಗುವುದು.

ಇದಕ್ಕೆ ಗೈಡು, ಟ್ಯೂಷನ್ನು ಬೇಡ. ಅಡಿಗೆಕೋಣೆ, ರಬ್ಬರ್ ಶೆಡ್ಡು ಸಾಕು.

ಎಣ್ಣೆ ಬಾಟ್ಲಿಯನ್ನು ಬಿಸಿಲಿಗಿಡಿ. ಕರಗಿ ಮೊದಲಿನಂತೆ ನೀರಾಯಿತು. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವ ವಸ್ತು. ಅದಕ್ಕಿಂತ ತಣ್ಣಗಾದರೆ ಗಟ್ಟಿ, ಬೆಚ್ಚಗಾದರೆ ದ್ರವ. ಎಣ್ಣೆ ಎಣ್ಣೆಯೇ, ಹೊಸತು ಏನೂ ಹುಟ್ಟಲಿಲ್ಲ. ಇದು ಸ್ಥಿತಿ ಬದಲಾವಣೆ.

ಮೊಸರನ್ನು ಬಿಸಿ ಮಾಡಿ ನೋಡಿ. ಹಾಲಾಯಿತೋ? ಒಡೆದು ನೀರು ಬೇರೆ, ಗಟ್ಟಿ ಬೇರೆ ಆಗ್ತದೆ ಅಷ್ಟೆ. ಮಜ್ಜಿಗೆಯ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡಿವೆ. ಆ ಹುಳಿಗೆ ಹಾಲಿನ ಪ್ರೋಟೀನು ಒಟ್ಟುಗೂಡಿದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು ಎಂಬುದು ಇಲ್ಲಿಯ ಅಜ್ಜಿಯಂದಿರಿಗೆ ಗೊತ್ತು. ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವ ಕೆಡುತ್ತದೆ ಎಂಬುದು ಮೊಮ್ಮಕ್ಕಳು ಬರೆಯಬೇಕಾದ ಉತ್ತರ. ಅಜ್ಜಿಗೆ ಪರೀಕ್ಷೆ ಇಲ್ಲ, ಪುಣ್ಯ!

ರಬ್ಬರ್ ಹಾಲಿನದ್ದು ಇನ್ನೊಂದು ದಾರಿ. ಅದರಲ್ಲಿ ರಬ್ಬರಿನ ಸಣ್ಣ ಸಣ್ಣ ಕಣಗಳು ಋಣ ವಿದ್ಯುದಂಶ ಹೊತ್ತು, ಒಂದನ್ನೊಂದು ದೂಡುತ್ತ ನೀರಿನಲ್ಲಿ ತೇಲಿಕೊಂಡಿರುತ್ತವೆ. ನೀರು ಬೆರೆಸಿದ ಫಾರ್ಮಿಕ್ ಆಮ್ಲ ಬಿದ್ದೊಡನೆ ಆ ಜಗಳ ಮುಗಿಯಿತು, ಕಣಗಳು ಅಂಟಿಕೊಂಡವು. ಇಲ್ಲಿ ಕಿಣ್ವದ ಹಂಗಿಲ್ಲ, ಹುಳಿಯನ್ನು ನಾವೇ ಹೊರಗಿನಿಂದ ಹಾಕಿದ್ದು. ಹಾಲಿಗೆ ಲಿಂಬೆ ಹಿಂಡಿದರೆ ಒಡೆಯುವುದೂ ಇದೇ ಲೆಕ್ಕದಲ್ಲಿ. ಆಸಿಡ್ ಹಾಕದೆ ಮರದ ಚಿಪ್ಪಿನಲ್ಲೇ ಬಿಟ್ಟರೂ ಗಟ್ಟಿಯಾಗುವುದಿಲ್ಲವೇ ಎಂದು ಜಾಣ ಹುಡುಗ ಕೇಳಬಹುದು. ಕೇಳಲೇಬೇಕು. ಅಲ್ಲಿ ಸೂಕ್ಷ್ಮಜೀವಿಗಳು ತಾವೇ ಹುಳಿ ಮಾಡುತ್ತವೆ, ಮೊಸರಿನ ಸಮೀಪದ ನೆಂಟಸ್ತಿಕೆ.

ನಾಲ್ಕನೆಯದು ರಕ್ತ. ಅಲ್ಲಿ ಥ್ರಾಂಬಿನ್ ಎಂಬ ಕಿಣ್ವವೇ ನೇರ ಕೆಲಸಕ್ಕಿಳಿದು ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ನೂಲಾಗಿಸುತ್ತದೆ. ನೂಲಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಬೀಳುತ್ತವೆ.

ಬಲದ ಪಾಠಕ್ಕೂ ದೂರ ಹೋಗಬೇಕಾಗಿಲ್ಲ. ಹೆಪ್ಪಾದ ರಬ್ಬರನ್ನು ಮೆಶೀನಿನ ಎರಡು ರೋಲರುಗಳ ನಡುವೆ ತಿರುಗಿಸಿದರೆ ನೀರು ಇಳಿದು ಶೀಟು ತೆಳ್ಳಗಾಗ್ತದೆ. ರೋಲರು ಶೀಟನ್ನು ಮುಟ್ಟುವುದು ಒಂದು ಸಪೂರ ಗೆರೆಯಷ್ಟು ಜಾಗದಲ್ಲಿ. ಬಲ ಅಷ್ಟೇ ಇದ್ದು ಜಾಗ ಕಿರಿದಾದರೆ ಒತ್ತಡ ಹೆಚ್ಚು. ಅಡಿಕೆ ಮರ ಹತ್ತುವವರು ಕಾಲಿಗೆ ತಳೆ ಹಾಕುವುದು ಘರ್ಷಣೆಯನ್ನು ನಂಬಿ. ಆಟಿಯ ಮಳೆಯಲ್ಲಿ ಪಾಚಿ ಹಿಡಿದ ಮರಕ್ಕೆ ಬೋರ್ಡೋ ಸಿಂಪಡಿಸಲು ಹತ್ತುವವನಿಗೆ ಆ ಘರ್ಷಣೆ ಕಡಿಮೆಯಾದರೆ ಹೋಗುವುದು ಅಂಕವಲ್ಲ, ಸೊಂಟ. ಹೊಳವಾಗಲಿ ಎಂದು ಅವರು ಕಾಯುವುದು ಸುಮ್ಮನೆ ಅಲ್ಲ.

ರೋಲರಿನಿಂದ ಇಳಿದ ಬಿಳಿ ಶೀಟನ್ನು ಅಂಗಳದ ಹಗ್ಗಕ್ಕೆ ನೇತುಹಾಕುತ್ತಾರೆ. ಬೇಸಿಗೆಯಲ್ಲಿ ಬೇಗ ಒಣಗುವ ಶೀಟು ಮಳೆಗಾಲದಲ್ಲಿ ಹೊಗೆಗೂಡಿಗೆ ಹೋಗದೆ ಒಣಗುವುದಿಲ್ಲ. ಯಾಕೆ? ಕುದಿಯದೆಯೂ ನೀರು ಆವಿಯಾಗುವುದು ಹೇಗೆ? ಗಾಳಿಯ ತೇವಕ್ಕೂ ಅದಕ್ಕೂ ಏನು ಸಂಬಂಧ? ಶೀಟು ಮಗುಚಿ ಹಾಕಲು ಬಂದ ಹುಡುಗ ಹುಡುಗಿಯರಿಗೆ ಮನೆಯವರು ಈ ಮೂರು ಪ್ರಶ್ನೆ ಕೇಳಿ ನೋಡಲಿ.