ಕೀಲಿಮಣೆಗೆ ಹನ್ನೆರಡು ಸಾವಿರವೆ?

ಗಣಕಯಂತ್ರದೊಡನೆ ಬರುವ ಕೀಲಿಮಣೆಗೆ ಬೇರೆಯಾಗಿ ಬೆಲೆ ಕಟ್ಟುವ ಪದ್ಧತಿ ನಮ್ಮ ಮನೆಗಳಲ್ಲಿ ಇರಲಿಲ್ಲ. ದೋಸೆಯೊಡನೆ ಚಟ್ನಿ ಬರುವಂತೆ ಅದೂ ಬರುತ್ತಿತ್ತು. ಈಗ ಕಾಲ ಬದಲಾಗಿದೆ. ಮಗನೋ ಮಗಳೋ “ಮೆಕ್ಯಾನಿಕಲ್ ಕೀಬೋರ್ಡ್ ಬೇಕು, ಹನ್ನೆರಡು ಸಾವಿರವಾಗುತ್ತದೆ” ಎಂದಾಗ, ಐನೂರು ರೂಪಾಯಿಗೆ ದೊರೆಯುವ ವಸ್ತುವಿಗೆ ಅದರ ಇಪ್ಪತ್ತನಾಲ್ಕು ಪಾಲು ಹಣವೇಕೆಂದು ಹಿರಿಯರು ಹುಬ್ಬೇರಿಸುವುದು ಸಹಜವೇ. ಆದರೆ ಹುಬ್ಬೇರಿಸುವ ಮುನ್ನ ಅದರ ಒಳಗೇನಿದೆ ಎಂದು ನೋಡುವುದು ಮೇಲು.

ಅಗ್ಗದ ಕೀಲಿಮಣೆಯನ್ನು ಬಿಚ್ಚಿದರೆ ಗುಂಡಿಗಳ ಕೆಳಗೆ ರಬ್ಬರಿನ ಒಂದು ಹಾಳೆ ಕಾಣುತ್ತದೆ. ಅದರಲ್ಲಿ ಗುಂಡಿಗೊಂದರಂತೆ ಪುಟ್ಟ ಗುಮ್ಮಟಗಳು. ಬೆರಳು ಒತ್ತಿದೊಡನೆ ಗುಮ್ಮಟ ಕುಸಿದು, ಅಡಿಯಲ್ಲಿರುವ ಎರಡು ಪ್ಲಾಸ್ಟಿಕ್ ಹಾಳೆಗಳ ಮೇಲಿನ ವಿದ್ಯುತ್ ಗೆರೆಗಳನ್ನು ಒಂದಕ್ಕೊಂದು ಮುಟ್ಟಿಸುತ್ತದೆ. ಅಕ್ಷರ ಮೂಡಬೇಕಾದರೆ ಗುಂಡಿಯನ್ನು ಸಾಮಾನ್ಯವಾಗಿ ತಳದವರೆಗೂ ಒತ್ತಬೇಕು. ಯಾಂತ್ರಿಕ ಕೀಲಿಮಣೆಯ ರೀತಿಯೇ ಬೇರೆ. ಅಲ್ಲಿ ಪ್ರತಿಯೊಂದು ಗುಂಡಿಗೂ ಅದರದೇ ಆದ ಸ್ವಿಚ್ಚು. ಸ್ವಿಚ್ಚಿನೊಳಗೆ ಒಂದು ಸ್ಪ್ರಿಂಗು, ಲೋಹದ ತೆಳುವಾದ ಎಲೆಗಳು. ಅಮೆರಿಕದಲ್ಲಿ 1953ರಲ್ಲಿ ಹುಟ್ಟಿ ಜರ್ಮನಿಯಲ್ಲಿ ನೆಲೆನಿಂತ ಚೆರ್ರಿ ಸಂಸ್ಥೆಯು 1980ರ ದಶಕದಲ್ಲಿ ರೂಪಿಸಿದ ‘ಎಂಎಕ್ಸ್’ ಸ್ವಿಚ್ಚೇ ಇಂದಿಗೂ ಇವುಗಳಿಗೆ ಮಾದರಿ. ಒಟ್ಟು 4 ಮಿಲಿಮೀಟರ್ ಇಳಿಯುವ ಈ ಗುಂಡಿ 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರವನ್ನು ಮೂಡಿಸುತ್ತದೆ. ಕೆಂಪು ಸ್ವಿಚ್ಚು ನುಣುಪಾಗಿ ಇಳಿಯುವುದು. ಕಂದು ಬಣ್ಣದ್ದು ಅರ್ಧದಾರಿಯಲ್ಲಿ ಬೆರಳಿಗೊಂದು ಸಣ್ಣ ಉಬ್ಬನ್ನು ತೋರಿಸುವುದು. ನೀಲಿಯದು ಉಬ್ಬಿನೊಡನೆ ‘ಟಕ್’ ಎಂಬ ಸದ್ದನ್ನೂ ಮಾಡುವುದು.

ಇದು ಇಂದಿನ ಯುವಕರ ಹೊಸ ವಿಲಾಸವೆಂದು ತಿಳಿಯುವವರಿದ್ದಾರೆ. ಆದರೆ ಕಾಲದ ದೃಷ್ಟಿಯಿಂದ ರಬ್ಬರಿಗಿಂತ ಇದೇ ಹಿರಿಯದು. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಕಚೇರಿಯ ಬೆರಳುಗಳೆಲ್ಲ ಟೈಪ್‌ರೈಟರಿಗೆ ಒಗ್ಗಿದ್ದವು. ಆ ಬೆರಳುಗಳಿಗೆ ಒಪ್ಪುವಂತೆ, ಒತ್ತಿದಾಗ ಸ್ಪ್ರಿಂಗು ತಟಕ್ಕನೆ ಬಾಗಿ ಸದ್ದು ಮಾಡುವ ಕೀಲಿಮಣೆಯನ್ನು ಅದು ಕೊಟ್ಟಿತು. 1985ರ ‘ಮಾಡೆಲ್ ಎಂ’ ಅಂತೂ ಎರಡು ಕಿಲೋ ಮೀರಿದ ತೂಕದ ಮಲ್ಲ. ಆ ಕಾಲದ ಮಣೆಗಳನ್ನು ಇಂದಿಗೂ ಕುಟ್ಟುತ್ತಿರುವವರುಂಟು. ಗಣಕಯಂತ್ರದ ಬೆಲೆ ಇಳಿಯುತ್ತ ಬಂದಂತೆ ತಯಾರಕರು ಪೈಸೆ ಪೈಸೆಯ ಲೆಕ್ಕ ಹಾಕತೊಡಗಿದರು. ಕೀಲಿಮಣೆಯೊಳಗೆ ರಬ್ಬರು ಬಂದು ಕುಳಿತಿತು. ಅಮೆರಿಕದ ಕೆಂಟಕಿ ರಾಜ್ಯದ ಯೂನಿಕಾಂಪ್ ಎಂಬ ಸಂಸ್ಥೆ ಮಾತ್ರ 1996ರಿಂದ ಆ ಹಳೆಯ ಬಗೆಯನ್ನೇ ತಯಾರಿಸುತ್ತಿದೆ. ಇಲ್ಲೊಂದು ಮೋಜಿನ ಸಂಗತಿಯಿದೆ. ಮಾಡೆಲ್ ಎಂನ ಸ್ಪ್ರಿಂಗುಗಳ ಅಡಿಯಲ್ಲಿರುವುದೂ ಪ್ಲಾಸ್ಟಿಕ್ ಹಾಳೆಗಳೇ! ಬೆಲೆಯಲ್ಲಿ ಬಹುಮಟ್ಟಿಗೆ ಚೆರ್ರಿಯನ್ನು ಮೀರಿಸುವ ಜಪಾನಿನ ಟೋಪ್ರೆ ಸ್ವಿಚ್ಚುಗಳೊಳಗೂ ರಬ್ಬರಿನ ಗುಮ್ಮಟವಿದೆ. ರಬ್ಬರೆಂದೊಡನೆ ಮೂಗು ಮುರಿಯುವ ಪಂಡಿತರು ಇದನ್ನು ಗಮನಿಸಬೇಕು.

ಹಾಗಾದರೆ ಕೊಡುವ ಹಣ ಯಾವುದಕ್ಕೆ? ಚೆರ್ರಿಯ ಪೇಟೆಂಟ್ ಹಕ್ಕು 2014ರ ಸುಮಾರಿಗೆ ತೀರಿದ ಮೇಲೆ ಗೇಟೆರಾನ್, ಕೈಲ್ ಮೊದಲಾದ ಚೀನದ ತಯಾರಕರು ಅದೇ ಬಗೆಯ ಸ್ವಿಚ್ಚುಗಳನ್ನು ಹೇರಳವಾಗಿ ಮಾಡತೊಡಗಿದರು. ಈಗ ಎರಡು-ಮೂರು ಸಾವಿರ ರೂಪಾಯಿಗೇ ಯಾಂತ್ರಿಕ ಕೀಲಿಮಣೆ ದೊರೆಯುತ್ತದೆ. ಅದಕ್ಕೆ ಮೇಲ್ಪಟ್ಟು ಕೊಡುವ ಹಣದ ಬಹುಪಾಲು ಅಲ್ಯೂಮಿನಿಯಂ ಕವಚಕ್ಕೆ, ತಂತಿಯಿಲ್ಲದ ಸೌಕರ್ಯಕ್ಕೆ, ದೀಪಾವಳಿಯನ್ನು ನೆನಪಿಸುವ ಬಣ್ಣದ ಬೆಳಕಿಗೆ ಸಲ್ಲುತ್ತದೆ. ಬೆಳಕಿನಿಂದ ಬೆರಳಿಗೆ ಯಾವ ಲಾಭವೂ ಇಲ್ಲ. ಬೇಗನೆ ಹೊಳಪೇರದ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡಿಗಳಿಗೆ, ಬೆಸುಗೆಯ ಹಂಗಿಲ್ಲದೆ ಸ್ವಿಚ್ಚನ್ನು ಕಿತ್ತು ಬದಲಿಸುವ ಏರ್ಪಾಟಿಗೆ ಮಾತ್ರ ನಾಲ್ಕು ಕಾಸು ಹೆಚ್ಚು ಕೊಡಬಹುದು.

“ಹೆಚ್ಚು ಕಾಲ ಬಾಳುತ್ತದೆಯಲ್ಲ!” ಎಂಬ ವಾದವನ್ನು ಲೆಕ್ಕಕ್ಕೆ ಒಡ್ಡೋಣ. ರಬ್ಬರಿನ ಗುಂಡಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಆಯುಸ್ಸು 50 ಲಕ್ಷದಿಂದ 1 ಕೋಟಿ ಒತ್ತುಗಳು. ಯಾಂತ್ರಿಕ ಸ್ವಿಚ್ಚಿಗೆ 5 ಕೋಟಿ ಅಥವಾ ಅದಕ್ಕೂ ಹೆಚ್ಚು. ಡಿ.ಟಿ.ಪಿ. ಕೆಲಸಗಾರರೊಬ್ಬರು ದಿನಕ್ಕೆ 40,000 ಸಲ ಗುಂಡಿ ಒತ್ತುತ್ತಾರೆ, ಅದರಲ್ಲಿ ಹತ್ತನೆಯ ಒಂದು ಪಾಲು ಒಂದೇ ಗುಂಡಿಯ ಮೇಲೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ದಿನಗಳಂತೆ ಆ ಗುಂಡಿಗೆ 12 ಲಕ್ಷ ಪೆಟ್ಟು. 50 ಲಕ್ಷದ ರಬ್ಬರು ನಾಲ್ಕೇ ವರ್ಷಕ್ಕೆ ಸೋಲುತ್ತದೆ. ಸ್ವಿಚ್ಚು ನಲವತ್ತು ವರ್ಷ ದಾಟುತ್ತದೆ. ಆದರೆ ದಿನಕ್ಕೆ ಎರಡು ಪತ್ರ ಬರೆದು ಏಳುವ ಗೃಹಸ್ಥರು 4,000 ಸಲ ಒತ್ತಿದರೆ ಹೆಚ್ಚು. ಅವರ ಐನೂರು ರೂಪಾಯಿಯ ಮಣೆಯೇ, ಪೆಟ್ಟಿನ ಲೆಕ್ಕದಲ್ಲಿ, ನಲವತ್ತು ವರ್ಷ ಬಾಳಬೇಕು. ಅಷ್ಟರೊಳಗೆ ಧೂಳೋ ಕಾಫಿಯೋ ಅದನ್ನು ಮುಗಿಸುವುದು ಬೇರೆ ಮಾತು.

ಕನ್ನಡ ಬರೆಯುವವರಿಗೆ ಇನ್ನೊಂದು ವಿಚಾರವುಂಟು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅನುಸರಿಸುವ ‘ನುಡಿ’ ತಂತ್ರಾಂಶದಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ‘ಎಫ್’ ಗುಂಡಿಯನ್ನು ಒತ್ತಬೇಕು; ಮಹಾಪ್ರಾಣಕ್ಕೆ ‘ಶಿಫ್ಟ್’ ಹಿಡಿಯಬೇಕು. ಅಪ್ಪ, ಅಮ್ಮ, ಅಕ್ಕ, ಅಣ್ಣ ಎಂದು ಮನೆಮಂದಿಯನ್ನು ಕರೆಯುವಷ್ಟರಲ್ಲೇ ಪಾಪ, ಎಫ್ ಗುಂಡಿಗೆ ನಾಲ್ಕು ಪೆಟ್ಟು! ಅದೊಂದು ಕೆಟ್ಟಾಗ ರಬ್ಬರಿನ ಮಣೆಯನ್ನೇ ಎಸೆಯಬೇಕಾಗುತ್ತದೆ. ಯಾಂತ್ರಿಕವಾದರೆ ಒಂದು ಸ್ವಿಚ್ಚನ್ನು ಬದಲಿಸಿದರೆ ತೀರಿತು. ಬರವಣಿಗೆಯಿಂದಲೇ ಜೀವನ ಸಾಗಿಸುವವರು ಮೂರು-ನಾಲ್ಕು ಸಾವಿರ ಕೊಡುವುದು ದುಂದಲ್ಲವೆಂದು ಇದರಿಂದಲೇ ಹೇಳಬಹುದು. ಹನ್ನೆರಡು ಸಾವಿರವೆಂದರೆ ಅದು ಷೋಕಿ; ಷೋಕಿಗೆ ಹಣವಿದ್ದರೆ ನಮ್ಮ ತಕರಾರಿಲ್ಲ.

ಬೆಲೆಬಾಳುವ ಕೀಲಿಮಣೆಯಿಂದ ಮಣಿಕಟ್ಟಿನ ನೋವು ಮಾಯವಾಗುತ್ತದೆಂಬ ಮಾತಿಗೆ ಮಾತ್ರ ಮರುಳಾಗಬಾರದು. ಮೇಜಿನ ಎತ್ತರ, ಕುಳಿತುಕೊಳ್ಳುವ ಭಂಗಿ, ನಡುನಡುವೆ ಏಳುವ ಅಭ್ಯಾಸ, ಇವುಗಳ ಕಡೆಗೆ ಮೊದಲು ಗಮನ ಕೊಡಬೇಕು. ಯಾಂತ್ರಿಕ ಮಣೆಗಳು ಸಾಮಾನ್ಯವಾಗಿ ಎತ್ತರವಾಗಿರುವುದರಿಂದ ಮಣಿಕಟ್ಟು ಮೇಲಕ್ಕೆ ಬಾಗಿ, ನೋವು ಹೆಚ್ಚಾದರೂ ಆಶ್ಚರ್ಯವಿಲ್ಲ. ನೋವು ನಿಲ್ಲದಿದ್ದರೆ ಹೋಗಬೇಕಾದುದು ವೈದ್ಯರಲ್ಲಿಗೆ.

ಮಗು ಮಲಗಿರುವ ಕೋಣೆಯಲ್ಲಿ ರಾತ್ರಿ ಕೆಲಸ ಮಾಡುವವರು ನೀಲಿ ಸ್ವಿಚ್ಚಿನ ತಂಟೆಗೆ ಹೋಗದಿರುವುದೇ ಕ್ಷೇಮ. ಬೆಂಗಳೂರಿನ ಎಸ್.ಪಿ. ರಸ್ತೆಗೋ, ನಿಮ್ಮೂರಿನ ಅಂಗಡಿಗೋ ಹೋದಾಗ ಒಂದೆರಡು ಗುಂಡಿಗಳನ್ನು ತಟ್ಟಿ ಬಂದುಬಿಡಬೇಡಿ. ಮೂರು ಬಣ್ಣದವನ್ನೂ ಮುಂದಿರಿಸಿಕೊಂಡು, ಒಂದೊಂದರಲ್ಲೂ ಹತ್ತು ಸಾಲು ಕನ್ನಡವನ್ನು, ಒತ್ತಕ್ಷರಗಳ ಸಮೇತ, ಬರೆದು ನೋಡಿ. ಅಂಗಡಿಯವನು ಗೊಣಗಿದರೆ ಗೊಣಗಲಿ.