ಪರಪಕ್ಷದ ಜೊತೆಗಾರ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ನಡೆಯುವಾಗ, ರೇಡಿಯೋ ವಾರ್ತೆಯಲ್ಲಿ ಹೆಸರುಗಳು ಜೋಡಿಜೋಡಿಯಾಗಿ ಬರುವುದನ್ನು ನೀವು ಗಮನಿಸಿರಬಹುದು. ಅಧ್ಯಕ್ಷ ಪದವಿಯ ಉಮೇದುವಾರನು ಉಪಾಧ್ಯಕ್ಷನಾಗತಕ್ಕ ಜೊತೆಗಾರನೊಬ್ಬನನ್ನು ಆರಿಸಿಕೊಳ್ಳುತ್ತಾನೆ. ಮತದಾರನು ಇಬ್ಬರಿಗೂ ಸೇರಿಸಿ ಒಂದೇ ಮತ ಕೊಡುತ್ತಾನೆ. ಜೊತೆಗಾರನು ಸಾಮಾನ್ಯವಾಗಿ ಸ್ವಪಕ್ಷದವನೇ. ಆದರೂ ಎದುರು ಪಕ್ಷದವನನ್ನು ಕರೆದುಕೊಂಡರೆ ಆ ಕಡೆಯ ಮತವೂ ನಮಗೆ ಬಾರದೇ ಎಂಬ ಆಲೋಚನೆ ಆಗಾಗ್ಗೆ ಮೂಡುವುದುಂಟು.

ಇದರ ಪ್ರಸಿದ್ಧ ಉದಾಹರಣೆ 1864ರದು. ಅಂತರ್ಯುದ್ಧದ ನಡುವೆ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ನರ ಜೊತೆಗೆ ಡೆಮಾಕ್ರಾಟಿಕ್ ಪಕ್ಷದ ಆಂಡ್ರ್ಯೂ ಜಾನ್ಸನ್ ನಿಂತರು, ಜೋಡಿ ಗೆದ್ದಿತು. 1865ರ ಏಪ್ರಿಲಿನಲ್ಲಿ ಲಿಂಕನ್ನರ ಕೊಲೆಯಾಯಿತು. ಜಾನ್ಸನ್ನರೇ ಅಧ್ಯಕ್ಷರಾದರು. ಆಗ ಅವರಿಗೂ ಲಿಂಕನ್ನರ ಪಕ್ಷದವರಿಗೂ ವಿರಸ ಬೆಳೆದು, 1868ರಲ್ಲಿ ಅವರ ಮೇಲೆ ಮಹಾಭಿಯೋಗವೇ ನಡೆಯಿತು. ಸೆನೆಟಿನಲ್ಲಿ ಒಂದೇ ಒಂದು ಮತದ ಅಂತರದಿಂದ ಅವರ ಪದವಿ ಉಳಿಯಿತು. ಚುನಾವಣೆಗೆ ಒದಗಿದ ಜೋಡಿ ಆಡಳಿತಕ್ಕೆ ಒದಗಲಿಲ್ಲ.

ನಮ್ಮ ದೇಶದಲ್ಲಿ ಇಂಥ ಜೋಡಿ ಉಮೇದುವಾರಿಕೆ ಇಲ್ಲ. ರಾಷ್ಟ್ರಪತಿಯನ್ನು ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸಿದರೆ, ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡು ಸದನಗಳ ಸದಸ್ಯರು ಮಾತ್ರ ಆರಿಸುತ್ತಾರೆ. ಎರಡೂ ಬೇರೆ ಬೇರೆ ಚುನಾವಣೆಗಳು. ಹಾಗಾದರೆ ಪರಪಕ್ಷದ ಜೊತೆಗಾರ ನಮ್ಮಲ್ಲಿ ಎಲ್ಲಿ ಸಿಕ್ಕುತ್ತಾನೆ? ಸಮ್ಮಿಶ್ರ ಸರ್ಕಾರದಲ್ಲಿ. ಮುಖ್ಯಮಂತ್ರಿ ಒಂದು ಪಕ್ಷದವರು, ಉಪಮುಖ್ಯಮಂತ್ರಿ ಇನ್ನೊಂದು ಪಕ್ಷದವರು. ರಾಜ್ಯಾಂಗದಲ್ಲಿ ಉಪಮುಖ್ಯಮಂತ್ರಿ ಎಂಬ ಪದವಿಯ ಹೆಸರೇ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರೂ ಒಬ್ಬ ಮಂತ್ರಿ. ಆ ಹೆಸರು ಎರಡು ಪಕ್ಷಗಳು ಪರಸ್ಪರ ಕೊಟ್ಟುಕೊಂಡ ಮಾತಿನ ಗುರುತು.

ಕರ್ನಾಟಕದಲ್ಲಿ 2004ರಲ್ಲಿ ಕಾಂಗ್ರೆಸ್ಸಿನ ಧರ್ಮಸಿಂಗ್ ಮತ್ತು ಜಾತ್ಯತೀತ ಜನತಾದಳದ ಸಿದ್ದರಾಮಯ್ಯ, 2006ರಲ್ಲಿ ಜನತಾದಳದ ಎಚ್.ಡಿ. ಕುಮಾರಸ್ವಾಮಿ ಮತ್ತು ಭಾರತೀಯ ಜನತಾ ಪಕ್ಷದ ಬಿ.ಎಸ್. ಯಡಿಯೂರಪ್ಪ ಇಂಥ ಜೋಡಿಗಳಾದರು. ಮೂರನೆಯದು 2018ರದು. ಇದರ ಒಂದು ತುದಿ ತುಮಕೂರು ಜಿಲ್ಲೆಯಲ್ಲೇ ಇರುವುದರಿಂದ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಆ ವರ್ಷದ ಮೇ ತಿಂಗಳಲ್ಲಿ 222 ಸ್ಥಾನಗಳ ಫಲಿತಾಂಶ ಬಂದಾಗ ಭಾರತೀಯ ಜನತಾ ಪಕ್ಷಕ್ಕೆ 104, ಕಾಂಗ್ರೆಸ್ಸಿಗೆ 78, ಜನತಾದಳಕ್ಕೆ 37 ಸ್ಥಾನಗಳು ದೊರೆತಿದ್ದವು. ಯಾರಿಗೂ ಬಹುಮತವಿಲ್ಲ. ಕಾಂಗ್ರೆಸ್ಸೂ ದಳವೂ ಕೈಜೋಡಿಸಿದವು. ಮೇ 23ರಂದು ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿಯೂ, ಕೊರಟಗೆರೆಯ ಶಾಸಕರಾದ ಕಾಂಗ್ರೆಸ್ಸಿನ ಡಾ. ಜಿ. ಪರಮೇಶ್ವರರು ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣವಚನ ಸ್ವೀಕರಿಸಿದರು.

ಈಗ ಕೊರಟಗೆರೆಯನ್ನೂ ಜಿಲ್ಲೆಯ ಇನ್ನು ಮೂರು ತಾಲ್ಲೂಕುಗಳನ್ನೂ ನೋಡಿರಿ. ಕೊರಟಗೆರೆಯಲ್ಲಿ ಪರಮೇಶ್ವರರು ಸೋಲಿಸಿದ್ದು ದಳದ ಸುಧಾಕರಲಾಲರನ್ನು. 2013ರಲ್ಲಿ ಇದೇ ಸುಧಾಕರಲಾಲರು ಪರಮೇಶ್ವರರನ್ನು ಸೋಲಿಸಿದ್ದರು. ಮಧುಗಿರಿಯಲ್ಲಿ ದಳದ ಎಂ.ವಿ. ವೀರಭದ್ರಯ್ಯನವರು ಕಾಂಗ್ರೆಸ್ಸಿನ ಕೆ.ಎನ್. ರಾಜಣ್ಣನವರ ಮೇಲೆ ಗೆದ್ದರು. ಶಿರಾದಲ್ಲಿ ದಳದ ಬಿ. ಸತ್ಯನಾರಾಯಣರು ಕಾಂಗ್ರೆಸ್ಸಿನ ಟಿ.ಬಿ. ಜಯಚಂದ್ರರ ಮೇಲೆ ಗೆದ್ದರು. ಪಾವಗಡದಲ್ಲಿ ಕಾಂಗ್ರೆಸ್ಸಿನ ವೆಂಕಟರಮಣಪ್ಪನವರು ದಳದ ತಿಮ್ಮರಾಯಪ್ಪನವರ ಮೇಲೆ ಗೆದ್ದರು. ಎರಡು ತಾಲ್ಲೂಕು ದಳಕ್ಕೆ, ಎರಡು ಕಾಂಗ್ರೆಸ್ಸಿಗೆ. ಆದರೆ ನಾಲ್ಕರಲ್ಲೂ ಹೋರಾಟ ಈ ಎರಡು ಪಕ್ಷಗಳ ನಡುವೆಯೇ. ಬೆಂಗಳೂರಿನಲ್ಲಿ ಒಂದೇ ನೊಗಕ್ಕೆ ಹೆಗಲು ಕೊಟ್ಟವರು ಇಲ್ಲಿ ನಿನ್ನೆ ಮೊನ್ನೆಯವರೆಗೆ ಎದುರುಬದುರು ನಿಂತವರು.

ಇದರ ಪರೀಕ್ಷೆ ಮರುವರ್ಷವೇ ಬಂದಿತು. 2019ರ ಲೋಕಸಭಾ ಚುನಾವಣೆಯಲ್ಲಿ ಮಿತ್ರಪಕ್ಷಗಳು ಕ್ಷೇತ್ರಗಳನ್ನು ಹಂಚಿಕೊಂಡವು. ಮಧುಗಿರಿ, ಕೊರಟಗೆರೆಗಳು ಸೇರಿರುವ ತುಮಕೂರು ದಳದ ಪಾಲಿಗೆ ಹೋಯಿತು. ಅಲ್ಲಿನ ಅಂದಿನ ಸದಸ್ಯರಾದ ಕಾಂಗ್ರೆಸ್ಸಿನ ಎಸ್.ಪಿ. ಮುದ್ದಹನುಮೇಗೌಡರು ಸ್ಥಾನ ಬಿಟ್ಟುಕೊಡಬೇಕಾಯಿತು. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ನಿಂತರು. ಶಿರಾ, ಪಾವಗಡಗಳು ಸೇರಿರುವ ಚಿತ್ರದುರ್ಗ ಕಾಂಗ್ರೆಸ್ಸಿನ ಪಾಲಿಗೆ ಉಳಿದು, ಬಿ.ಎನ್. ಚಂದ್ರಪ್ಪನವರು ನಿಂತರು. ಹೀಗೆ ಕೊರಟಗೆರೆಯ ಕಾಂಗ್ರೆಸ್ ಕಾರ್ಯಕರ್ತನು ದಳದ ಗುರುತಿಗೂ, ಶಿರಾದ ದಳದ ಕಾರ್ಯಕರ್ತನು ಕಾಂಗ್ರೆಸ್ಸಿನ ಗುರುತಿಗೂ ಮನೆ ಮನೆಗೆ ಹೋಗಿ ಮತ ಕೇಳಬೇಕಾಗಿ ಬಂದಿತು. ಏಪ್ರಿಲ್ 18ರಂದು ಮತದಾನ. ಮೇ 23ರಂದು, ಅಂದರೆ ಪ್ರಮಾಣವಚನಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಫಲಿತಾಂಶ. ತುಮಕೂರಿನಲ್ಲಿ ಭಾರತೀಯ ಜನತಾ ಪಕ್ಷದ ಜಿ.ಎಸ್. ಬಸವರಾಜರು 13,339 ಮತಗಳಿಂದ ಗೆದ್ದರು. ಚಿತ್ರದುರ್ಗವೂ ಅದೇ ಪಕ್ಷಕ್ಕೆ ಹೋಯಿತು. ರಾಜ್ಯದ 28 ಸ್ಥಾನಗಳಲ್ಲಿ ಮಿತ್ರಪಕ್ಷಗಳಿಗೆ ಬಂದದ್ದು ತಲಾ ಒಂದೊಂದು. ಜುಲೈ 23ರಂದು ವಿಶ್ವಾಸಮತವೂ 99ಕ್ಕೆ 105ರಂತೆ ಬಿದ್ದು, ಸರ್ಕಾರ ಕೊನೆಗೊಂಡಿತು.

ಈ ಸೋಲಿಗೆ ಇದೊಂದೇ ಕಾರಣವೆಂದು ಹೇಳಲಾಗದು. ಆ ವರ್ಷ ದೇಶದಾದ್ಯಂತ ಬೀಸಿದ ಗಾಳಿಯೇ ಬೇರೆ. ಆದರೂ ಒಂದು ಮಾತು ಸ್ಪಷ್ಟ. ಮಂತ್ರಿ ಪದವಿಗಳನ್ನು ಒಂದು ಕೊಠಡಿಯಲ್ಲಿ ಕುಳಿತು ಒಂದೇ ದಿನದಲ್ಲಿ ಹಂಚಬಹುದು. ಮತಗಳನ್ನು ಹಾಗೆ ಹಂಚಲಾಗದು. ಅವು ನಾಯಕರ ಪಿತ್ರಾರ್ಜಿತ ಆಸ್ತಿಯಲ್ಲ. ಹಳ್ಳಿಯಲ್ಲಿ ಪಂಚಾಯತಿ ಚುನಾವಣೆಯಿಂದ ಹಾಲಿನ ಸಂಘದವರೆಗೆ ವರ್ಷಗಟ್ಟಲೆ ಬೆಳೆದ ಪೈಪೋಟಿ, ಮೇಲಿನವರು ಕೈಕುಲುಕಿದ ಮಾತ್ರಕ್ಕೆ ಕರಗುವುದಿಲ್ಲ.

ಇದಕ್ಕೆ ಹೋಲಿಸಿ ನೋಡಲು 2024ರ ಲೋಕಸಭಾ ಚುನಾವಣೆಯಿದೆ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ದಳವು ಭಾರತೀಯ ಜನತಾ ಪಕ್ಷದೊಡನೆ ಮೈತ್ರಿ ಸಾರಿತು. ತುಮಕೂರಿನಲ್ಲಿ ವಿ. ಸೋಮಣ್ಣ, ಚಿತ್ರದುರ್ಗದಲ್ಲಿ ಗೋವಿಂದ ಕಾರಜೋಳ, ಇಬ್ಬರೂ ಗೆದ್ದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಈ ನಾಲ್ಕು ತಾಲ್ಲೂಕುಗಳನ್ನೂ ಕಾಂಗ್ರೆಸ್ ಗೆದ್ದಿದ್ದ ಮೇಲೂ ಹೀಗಾಯಿತು. ಇಲ್ಲಿಯೂ ಕಾರಣಗಳು ಹಲವಾರು. ಆದರೆ ಈ ಜೋಡಿಗೆ ಒಂದು ಅನುಕೂಲವಿತ್ತು: ಈ ಸೀಮೆಯಲ್ಲಿ ದಳದ ಹಳೆಯ ಎದುರಾಳಿ ಕಾಂಗ್ರೆಸ್ಸೇ ಹೊರತು ಹೊಸ ಮಿತ್ರನಲ್ಲ. ಜೊತೆಗೂಡಲು ತಿಂಗಳುಗಳ ಕಾಲಾವಕಾಶವೂ ಇತ್ತು.

ಇನ್ನು ಮುಂದೆ ರೇಡಿಯೋದಲ್ಲಿ, ದೂರದ ವಾಷಿಂಗ್ಟನ್ನಿನದಾಗಲಿ ನಮ್ಮ ಬೆಂಗಳೂರಿನದಾಗಲಿ, ಇಂಥ ಜೋಡಿಯ ಸುದ್ದಿ ಬಂದಾಗ ನೀವು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಈ ಒಪ್ಪಂದವಾದದ್ದು ಮತದಾನಕ್ಕೆ ಮೊದಲೋ, ಆಮೇಲೋ? ನಮ್ಮೂರಿನಲ್ಲಿ ಇವರಿಬ್ಬರ ಕಡೆಯವರು ಒಂದೇ ಜಗುಲಿಯ ಮೇಲೆ ಕುಳಿತುಕೊಳ್ಳಬಲ್ಲರೇ? ಮೊದಲನೆಯವರು ಇಲ್ಲವಾದರೆ ಎರಡನೆಯವರ ಆಡಳಿತ ನಮಗೆ ಒಪ್ಪಿಗೆಯೇ? ಮೂರಕ್ಕೂ ಸಮಾಧಾನವಾದ ಉತ್ತರ ದೊರೆತರೆ ಆ ಜೋಡಿ ನೊಗ ಹೊತ್ತು ಸಾಲು ಮುಗಿಸೀತು. ಇಲ್ಲವಾದರೆ ನೆಲ ಉಳುವ ಮೊದಲೇ ಹಗ್ಗ ಹರಿಯುವುದು.