ನಿಮಗಿದು ಗೊತ್ತೆ? ಅಲಂಪುರ ಒಂದೇ ಒಂದಲ್ಲ!
ಕೃಷ್ಣೆ-ತುಂಗಭದ್ರೆಯರ ನಡುವಣ ಎಡೆದೊರೆನಾಡಿನಲ್ಲಿ, ಬಾದಾಮಿ ಚಾಲುಕ್ಯರ ನವಬ್ರಹ್ಮ ದೇಗುಲಗಳಿಂದ ಪ್ರಖ್ಯಾತವಾದ ಅಲಂಪುರವು 1956ರವರೆಗೆ ರಾಯಚೂರು ಜಿಲ್ಲೆಗೂ, ತರುವಾಯ ಮಹಬೂಬನಗರಕ್ಕೂ, 2016ರಿಂದ ಜೋಗುಲಾಂಬಾ ಗದ್ವಾಲಕ್ಕೂ ಸೇರಿದುದರಿಂದ, 1908ರ ‘ಇಂಪೀರಿಯಲ್ ಗೆಜೆಟಿಯರ್’ ಎಂಬ ಸ್ಥಳಕೋಶದ ಗಣಕೀಕೃತ ಪುಟಗಳಲ್ಲಿ ಇಂದಿನ ಜಿಲ್ಲೆಯ ಹೆಸರು ಹಿಡಿದು ಅದನ್ನು ಅರಸುವವನಿಗೆ ಊರು ದೊರೆಯಲಾರದು. ಕೃಷ್ಣೆಯೂ ಅಲ್ಲಿ ‘ಕಿಸ್ಟ್ನಾ’ ಆಗಿರುವಳು. ಮುದ್ರಕನ ಪ್ರಮಾದವಲ್ಲ, ಅಂದಿನ ಆಂಗ್ಲರ ನಾಲಗೆಯ ಮಹಿಮೆ! ಸಾಲದುದಕ್ಕೆ, 1766ರಲ್ಲಿ ಮರಾಠಾ ಸೇನಾನಿ ಮಲ್ಹಾರರಾವ್ ಹೋಳ್ಕರನು ದೇಹವಿಟ್ಟ ಮಧ್ಯಭಾರತದ ಆಲಂಪುರವೂ ಉಂಟು. ರೋಮನ್ ಲಿಪಿಯಲ್ಲಿ ಎರಡಕ್ಕೂ ಅವೇ ಅಕ್ಷರಗಳು. ಇಂಥ ತೊಡಕನ್ನು ಬಿಡಿಸಲು ನೆರವಾಗುವಂತೆ, 2012ರಲ್ಲಿ ಆರಂಭವಾದ ವಿಕಿಡೇಟಾದಂಥ ಜ್ಞಾನಭಂಡಾರಗಳು ಪ್ರತಿಯೊಂದು ಸ್ಥಳಕ್ಕೂ ಪ್ರತ್ಯೇಕ ಗುರುತಿನ ಸಂಖ್ಯೆಯನ್ನಿತ್ತು, ಅಕ್ಷಾಂಶ-ರೇಖಾಂಶಗಳನ್ನೂ ನಾಮಾಂತರಗಳನ್ನೂ ಬದಲಾದ ಜಿಲ್ಲೆಗಳನ್ನೂ ಆ ಒಂದು ಸಂಖ್ಯೆಗೆ ಪೋಣಿಸುತ್ತವೆ.